ಲೀಟರಿಗೆ ಹದಿನೆಂಟು

ಜನವರಿ 9

ಅಣ್ಣನಿಗೆ ನಮಸ್ಕಾರ.

ಭಾನುವಾರ ಫೋನ್ ಮಾಡಿದ್ದೆ. ನೀನು ಆರು ಸಲ "ಹಾಂ?" ಎಂದೆ. ಏಳನೆಯ ಸಲ ನಾನೇ ಇಟ್ಟುಬಿಟ್ಟೆ. ಮೂವತ್ತಮೂರು ವರ್ಷ ಬಸ್ ಡಿಪೋದಲ್ಲಿ ಎಂಜಿನ್ ಪಕ್ಕ ನಿಂತ ಕಿವಿ, ಅದಕ್ಕೂ ಸುಸ್ತಾಗಿರಬೇಕು. ಇನ್ನು ಮೇಲೆ ಕಾಗದವೇ ಸರಿ. ಕಾಗದಕ್ಕಾದರೆ ನೀನು "ಹಾಂ?" ಅನ್ನುವಂತಿಲ್ಲ.

ವಿಷಯ ಇಷ್ಟು. ನಾನು ಕಾರು ಕೊಳ್ಳಬೇಕು. ಆಸ್ಪತ್ರೆಯವರು ನನಗೆ ಈಗ ದಿನಕ್ಕೆ ಒಂಬತ್ತು ಮನೆ ಕೊಟ್ಟಿದ್ದಾರೆ. ಒಂದು ಕಡೆ ಗಾಯಕ್ಕೆ ಪಟ್ಟಿ, ಇನ್ನೊಂದು ಕಡೆ ಇಂಜೆಕ್ಷನ್, ಮತ್ತೊಂದು ಕಡೆ ಹಾಸಿಗೆ ಹಿಡಿದವರ ಬೆನ್ನು ಒರೆಸುವುದು. ಎರಡು ಬಸ್ಸು ಬದಲಿಸಿ, ಚೀಲ ಹೊತ್ತು, ಮೆಟ್ಟಿಲು ಹತ್ತಿ ಮಂಡಿ ಸವೆದುಹೋಗಿದೆ. ಊರೆಲ್ಲರ ಮನೆಗೆ ನರ್ಸು ಹೋಗುತ್ತಾಳೆ, ನರ್ಸಿನ ಮನೆಗೆ ಯಾರು ಬರುತ್ತಾರೆ ಹೇಳು.

ಪೆಟ್ರೋಲು ಕಡಿಮೆ ಕುಡಿಯುವ ಕಾರು ಬೇಕು, ಅಷ್ಟೆ ನನ್ನ ಬೇಡಿಕೆ. ಇವರಿಗೆ ಎತ್ತರದ ದೊಡ್ಡ ಗಾಡಿಯೇ ಆಗಬೇಕಂತೆ. "ಮೇಲೆ ಕೂತ್ರೆ ರಸ್ತೆ ಚೆನ್ನಾಗಿ ಕಾಣುತ್ತೆ" ಅಂತಾರೆ. ಕಣ್ಣಲ್ಲಿ ಪೊರೆ ಬಂದು ಎದುರಿನ ಗೋಡೆಯೇ ಕಾಣದ ಡ್ರಾಯಿಂಗ್ ಮೇಷ್ಟ್ರು ಆಡುವ ಮಾತು ನೋಡು. ಶೋರೂಮಿನ ಹುಡುಗಿ, "ಮೇಡಂ, ಇದು ಲೀಟರಿಗೆ ಇಪ್ಪತ್ನಾಲ್ಕು, ಗ್ಯಾರಂಟಿ" ಅಂದಳು. ಪಕ್ಕದ ಶೋರೂಮಿನವನು ಇಪ್ಪತ್ತಾರು ಅಂದ. ಮೂರನೆಯವನ ಹತ್ತಿರ ಹೋಗಲಿಲ್ಲ, ಅವನು ಗಾಳಿಯಲ್ಲೇ ಓಡುತ್ತೆ ಅಂತಿದ್ದನೋ ಏನೋ. ತಲೆ ಚಿಟ್ಟು ಹಿಡಿದಿದೆ. ಬೇಗ ಬರಿ.

ನಿನ್ನ ತಂಗಿ

*

ಜನವರಿ 17

ಪುಟ್ಟೀ,

ಐವತ್ತೆರಡು ವರ್ಷವಾಯಿತು, ಮಾರುವವನ ಮಾತು ನಂಬುವ ಬುದ್ಧಿ ನಿನ್ನನ್ನು ಇನ್ನೂ ಬಿಟ್ಟಿಲ್ಲ. ಇಪ್ಪತ್ತನಾಲ್ಕಂತೆ! ಕಂಪನಿಯವರು ರೋಲರಿನ ಮೇಲೆ ಚಕ್ರ ತಿರುಗಿಸಿ ಅಳೆದ ಲೆಕ್ಕ ಅದು. ಅಲ್ಲಿ ಗುಂಡಿ ಇಲ್ಲ, ಸಿಗ್ನಲ್ ಇಲ್ಲ, "ಎ.ಸಿ. ಜೋರು ಮಾಡು" ಅನ್ನಲು ಭಾವನೂ ಇಲ್ಲ. ಅವರು ಹೇಳಿದ್ದರಲ್ಲಿ ಕಾಲು ಭಾಗ ಕಳೆದುಬಿಡು, ಉಳಿದದ್ದು ನಿನ್ನದು. ಇಪ್ಪತ್ತನಾಲ್ಕು ಅಂದರೆ ಹದಿನೆಂಟು. ಹದಿನೆಂಟು ಬಂದೇ ಬರಬೇಕು, ಒಂದು ಗುಲಗಂಜಿಯೂ ಕಡಿಮೆ ಆಗಕೂಡದು.

ಸಣ್ಣ ಗಾಡಿ ತಗೋ. ಹಗುರ ಇರಬೇಕು, ಎಂಜಿನ್ ಚಿಕ್ಕದಿರಬೇಕು, ಟೈರು ಅಗಲ ಇರಬಾರದು. ಎತ್ತರದ ಗಾಡಿ ಗಾಳಿಗೆ ಎದೆ ಕೊಟ್ಟು ಹೋಗುತ್ತದೆ, ಗಾಳಿ ತಳ್ಳುವುದಕ್ಕೇ ಅರ್ಧ ಪೆಟ್ರೋಲು ಸುರಿಯಬೇಕು. ಭಾವನಿಗೆ ಎತ್ತರ ಬೇಕಿದ್ದರೆ ಸೀಟಿನ ಮೇಲೆ ದಿಂಬು ಹಾಕಿ ಕೂರಿಸು. ಅವರಿಗೆ ಇದನ್ನು ಓದಿ ಹೇಳಬೇಡ.

ಇನ್ನು ಮುಖ್ಯವಾದ ಮಾತು. ಒಂದು ನೋಟ್‌ಬುಕ್ ಇಡು. ಟ್ಯಾಂಕ್ ಫುಲ್ ಮಾಡಿಸು. ಬಂಕಿನವನ ಕೈಯಲ್ಲಿರುವ ನಳಿಗೆ ಮೊದಲ ಸಲ ಟಪ್ ಎಂದ ಕೂಡಲೇ ನಿಲ್ಲಿಸಬೇಕು, "ಇನ್ನೂ ಸ್ವಲ್ಪ ಹಿಡಿಯುತ್ತೆ" ಅಂತ ತುರುಕಿಸಬಾರದು. ಮೀಟರಿನ ಕಿಲೋಮೀಟರ್ ಬರೆದುಕೊ. ಮುಂದಿನ ಸಲ ಅದೇ ಬಂಕಿಗೆ ಹೋಗಿ ಮತ್ತೆ ಫುಲ್ ಮಾಡಿಸಿ, ಎಷ್ಟು ಓಡಿದೆ, ಎಷ್ಟು ಲೀಟರ್ ಹಿಡಿಯಿತು, ಎರಡನ್ನೂ ನನಗೆ ಕಳಿಸು. ಪ್ರತಿ ಸಲ ಕಳಿಸಬೇಕು. ತಪ್ಪಿಸಿದರೆ ನಾನು ಅಣ್ಣನೇ ಅಲ್ಲ.

ಅಣ್ಣ

*

ಫೆಬ್ರವರಿ 11

ಅಣ್ಣಾ,

ತಗೊಂಡಾಯಿತು. ಸಣ್ಣದು, ಬಿಳಿಯದು, ಎರಡು ವರ್ಷ ಓಡಿದ್ದು. ಮೊದಲು ಅದು ಒಬ್ಬ ಟೈಲರ್ ಹತ್ತಿರ ಇತ್ತು, ಸೀಟಿನ ಸಂದಿಯಲ್ಲಿ ಇನ್ನೂ ಗುಂಡುಸೂಜಿ ಸಿಗುತ್ತಿವೆ. ಮೊನ್ನೆ ಒಂದು ನನ್ನ ತೊಡೆಗೇ ಚುಚ್ಚಿತು. ಮೂವತ್ತು ವರ್ಷ ಊರಿಗೆಲ್ಲ ಚುಚ್ಚಿದ್ದಕ್ಕೆ ಸರಿಯಾಯಿತು ಎಂದು ಇವರು ನಕ್ಕರು.

ಇವರ ಎರಡೂ ಕಣ್ಣಿನ ಆಪರೇಷನ್ ಆಯಿತು. ಮೂರು ತಿಂಗಳು ಸ್ಟೇರಿಂಗ್ ಮುಟ್ಟಕೂಡದು ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದಾರೆ. ಮುಟ್ಟುವುದಿಲ್ಲ ಅಂತ ಇವರೂ ಮಾತು ಕೊಟ್ಟಿದ್ದಾರೆ. ಆದರೆ ದಿನಾ ಸಂಜೆ ಕಪ್ಪು ಕನ್ನಡಕ ಹಾಕಿಕೊಂಡು, ನಿಂತ ಕಾರಿನಲ್ಲಿ ಡ್ರೈವರ್ ಸೀಟಿನಲ್ಲಿ ಕೂತು ಗೇರು ಅಲ್ಲಾಡಿಸುತ್ತಿರುತ್ತಾರೆ. ಬೀದಿಯವರೆಲ್ಲ ನೋಡುತ್ತಾರೆ, ನನಗೆ ನಾಚಿಕೆ.

ಮೊದಲ ಲೆಕ್ಕ: ಓಡಿದ್ದು 298 ಕಿಲೋಮೀಟರ್, ಹಿಡಿದದ್ದು 20.98 ಲೀಟರ್. ಲೀಟರಿಗೆ 14.2 ಬಂತು. ಬಯ್ಯಬೇಡ.

ತಂಗಿ

*

ಫೆಬ್ರವರಿ 18

ಪುಟ್ಟೀ,

ಹದಿನಾಲ್ಕಾ! ಲಾರಿ ಓಡಿಸುತ್ತಿದ್ದೀಯಾ, ಕಾರಾ? ನನ್ನ ಹಳೇ ಡಿಪೋದವರ ಮುಂದೆ ಈ ಅಂಕಿ ಹೇಳಿದರೆ ನನ್ನ ಮರ್ಯಾದೆ ಮೂರು ಕಾಸಿಗೆ ಹರಾಜಾಗುತ್ತದೆ.

ಕ್ಲಚ್ ಮೇಲೆ ಕಾಲಿಟ್ಟುಕೊಂಡೇ ಓಡಿಸುತ್ತೀ ತಾನೇ? ಇಡುತ್ತೀ, ನನಗೆ ಗೊತ್ತು. ಹೊಲಿಗೆ ಮಿಷನ್ನಿನ ಪೆಡಲ್ ಮೇಲೂ ನೀನು ಹಾಗೇ ಕಾಲಿಡುತ್ತಿದ್ದೆ. ಸಿಗ್ನಲ್ ಕೆಂಪಾದದ್ದು ದೂರದಿಂದ ಕಂಡರೂ ಅಲ್ಲಿಯವರೆಗೆ ಒತ್ತಿಕೊಂಡು ಹೋಗಿ ಗಕ್ಕನೆ ಬ್ರೇಕ್ ಹಾಕುತ್ತೀ. ಹಾಗೆ ಬ್ರೇಕ್ ಹಾಕಿದಾಗಲೆಲ್ಲ ಸುಟ್ಟ ಪೆಟ್ರೋಲನ್ನು ರಸ್ತೆಗೆ ಚೆಲ್ಲಿದ ಹಾಗೆ. ಮುಂದೆ ನೋಡು, ಮೊದಲೇ ಕಾಲು ತೆಗಿ, ಗಾಡಿ ತಾನೇ ಉರುಳಿಕೊಂಡು ಹೋಗಲಿ. ರೋಗಿಯ ಮನೆ ಮುಂದೆ ಎಂಜಿನ್ ಆಫ್ ಮಾಡು. ಟೈರಿನ ಗಾಳಿಯನ್ನು ವಾರಕ್ಕೊಂದು ಸಲ, ಬೆಳಗ್ಗೆ, ಟೈರು ತಣ್ಣಗಿರುವಾಗ ನೋಡಿಸು. ಏರ್ ಫಿಲ್ಟರ್ ಬಿಚ್ಚಿಸಿ ನೋಡು, ಟೈಲರ್ ಗಾಡಿ ಅಂದೆಯಲ್ಲ, ಒಳಗೆ ಅರ್ಧ ಮೀಟರ್ ಬಟ್ಟೆ ಸಿಕ್ಕರೂ ಆಶ್ಚರ್ಯವಿಲ್ಲ.

ಗಾಡಿಯ ತಲೆ ಮೇಲೆ ಏನಿದೆ, ಡಿಕ್ಕಿಯಲ್ಲಿ ಏನಿದೆ, ಒಂದೂ ಬಿಡದೆ ಬರಿ.

ಅಣ್ಣ

*

ಮಾರ್ಚ್ 3

ಅಣ್ಣಾ,

ನಿನ್ನ ಕಾಗದ ಓದಿ ಮೈಯೆಲ್ಲ ಉರಿಯಿತು. ಆಮೇಲೆ ನೋಡಿದರೆ ಕಾಲು ಕ್ಲಚ್ ಮೇಲೆಯೇ ಇತ್ತು, ಅದಕ್ಕೆ ಇನ್ನಷ್ಟು ಉರಿಯಿತು.

ತಲೆ ಮೇಲೆ ಕ್ಯಾರಿಯರ್ ಇತ್ತು. ಚಿತ್ರದ ಸ್ಟ್ಯಾಂಡ್ ಕಟ್ಟಿಕೊಂಡು ಹೋಗಬಹುದು ಎಂದು ಇವರು ಹಾಕಿಸಿದ್ದು. ತೆಗೆಸಿದೆ. ಎರಡು ದಿನ ಮಾತು ಬಿಟ್ಟಿದ್ದರು. ಡಿಕ್ಕಿಯಲ್ಲಿರುವುದು ಇವು: ಡ್ರೆಸಿಂಗ್ ಸಾಮಾನಿನ ಎರಡು ಡಬ್ಬ, ಒಂದು ವಾಕರ್, ಐದು ಲೀಟರ್ ನೀರಿನ ಕ್ಯಾನು, ಮಡಚುವ ವೀಲ್‌ಚೇರ್ ಒಂದು. ವೀಲ್‌ಚೇರ್ ತೆಗೆ ಅಂತ ನೀನು ಬರೆಯುತ್ತೀ ಅಂತ ಗೊತ್ತು. ತೆಗೆಯುವುದಿಲ್ಲ. ಅದು ಗಡಿಯಾರದಜ್ಜಿಯದು. ದಿಬ್ಬದ ತುದಿಯ ಬೀದಿಯಲ್ಲಿ ಒಬ್ಬರೇ ಇರುತ್ತಾರೆ, ಎಂಬತ್ತು ದಾಟಿದೆ, ಈಗಲೂ ಗಡಿಯಾರ ರಿಪೇರಿ ಮಾಡುತ್ತಾರೆ. ಕಾಲಿನ ಗಾಯ ಒಣಗುತ್ತಲೇ ಇಲ್ಲ. ಹದಿನೈದು ದಿನಕ್ಕೊಮ್ಮೆ ನಾನೇ ಆಸ್ಪತ್ರೆಗೆ ಇಳಿಸಿಕೊಂಡು ಹೋಗಬೇಕು. ಸರಿಯಾಗಿ ವಾಸಿಯಾಗದಿದ್ದರೆ ಕಾಲು ತೆಗೆಯಬೇಕಾಗುತ್ತದೆ ಎಂದಿದ್ದಾರೆ. ಆ ಕಾಲು ಉಳಿಸಬೇಕು ಅಂತ ನಾನು ಹಟ ಹಿಡಿದಿದ್ದೇನೆ. ನಿನ್ನ ಅರ್ಧ ಕಿಲೋಮೀಟರ್ ಮೈಲೇಜಿಗಾಗಿ ಅಜ್ಜಿಯನ್ನು ಹೆಗಲ ಮೇಲೆ ಹೊರಲೇ?

331 ಕಿಲೋಮೀಟರ್, 20.47 ಲೀಟರ್. 16.2 ಬಂತು. ಈಗಲಾದರೂ ಒಂದು ಒಳ್ಳೆಯ ಮಾತು ಬರಿ.

ಒಂದು ಕೇಳಬೇಕೆಂದಿದ್ದೆ. ಇನ್ನೂ ಎರಡು ವರ್ಷ ಸರ್ವಿಸ್ ಇತ್ತಲ್ಲ, ಯಾಕೆ ಮೊದಲೇ ಬಿಟ್ಟುಬಂದೆ? ನಿನ್ನ ಮಗಳನ್ನು ಕೇಳಿದರೆ "ಗೊತ್ತಿಲ್ಲ ಅತ್ತೆ" ಅನ್ನುತ್ತಾಳೆ.

ತಂಗಿ

*

ಮಾರ್ಚ್ 10

ಪುಟ್ಟೀ,

ವೀಲ್‌ಚೇರ್ ಇರಲಿ. ನೀರಿನ ಕ್ಯಾನು ಯಾಕೆ? ರೋಗಿಗಳ ಮನೆಯಲ್ಲಿ ನಲ್ಲಿ ಇಲ್ಲವೇ?

ದಿಬ್ಬದ ಬೀದಿ ಅಂದೆ. ಚೆನ್ನಾಗಿ ಕೇಳಿಸಿಕೊ. ಇಳಿಯುವಾಗ ಪೆಟ್ರೋಲ್ ಉಳಿಯುತ್ತೆ ಅಂತ ಯಾವನಾದರೂ ನ್ಯೂಟ್ರಲ್‌ಗೆ ಹಾಕಲು ಹೇಳಿದರೆ ಅವನ ಕಪಾಳಕ್ಕೆ ಹೊಡಿ. ಇಳಿಜಾರಿನಲ್ಲಿ ಗೇರಿನಲ್ಲೇ ಇರಬೇಕು. ಹತ್ತುವುದಕ್ಕೆ ಯಾವ ಗೇರು ಬೇಕೋ ಇಳಿಯುವುದಕ್ಕೂ ಅದೇ ಗೇರು. ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ, ಪೆಟ್ರೋಲೂ ಕುಡಿಯುವುದಿಲ್ಲ. ಇದನ್ನು ಗೋಡೆಗೆ ಬರೆದು ಅಂಟಿಸು.

ಹದಿನಾರು ಸಾಲದು. ಹದಿನೆಂಟು ಬರದಿದ್ದರೆ ಗಾಡಿಯಲ್ಲಿ ಏನೋ ಕೊರತೆ ಇದೆ, ಇಲ್ಲವೇ ಓಡಿಸುವವರಲ್ಲಿ. ಸದ್ದು ಚೆನ್ನಾಗಿದೆ, ಗಾಡಿ ಚೆನ್ನಾಗಿದೆ ಅಂತ ಬರೆಯಬೇಡ. ಕಿವಿಯನ್ನು ನಂಬಬೇಡ, ಅಂಕಿ ನಂಬು.

ಸರ್ವಿಸ್ ವಿಷಯ ಬಿಡು. ಸಾಕಾಗಿತ್ತು, ಬಿಟ್ಟೆ.

ಅಣ್ಣ

*

ಮಾರ್ಚ್ 26

ಅಣ್ಣಾ,

396 ಕಿಲೋಮೀಟರ್. 21.50 ಲೀಟರ್. 18.4.

ತಗೋ, ಬಂತು ನಿನ್ನ ಹದಿನೆಂಟು. ಕೆಲಸ ಬಹಳ, ಹೆಚ್ಚು ಬರೆಯಲು ಪುರುಸೊತ್ತಿಲ್ಲ.

ತಂಗಿ

*

ಏಪ್ರಿಲ್ 2

ನನ್ನ ಬಂಗಾರದಂಥ ತಂಗಿಗೆ ಆಶೀರ್ವಾದ.

ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಡಿಪೋ ಎದುರಿನ ಟೀ ಅಂಗಡಿಗೆ ಹೋಗಿ ಎಲ್ಲರಿಗೂ ತೋರಿಸಿದೆ. ಮಡಚುವ ವೀಲ್‌ಚೇರ್, ವಾಕರ್, ದಿಬ್ಬದ ರಸ್ತೆ, ಆದರೂ ಹದಿನೆಂಟು ಪಾಯಿಂಟ್ ನಾಲ್ಕು! "ಕಿವಿ ಮೇಸ್ತ್ರಿ, ನೀನು ಕಾಗದದಲ್ಲೇ ಗಾಡಿ ರಿಪೇರಿ ಮಾಡಿದೆಯಲ್ಲಪ್ಪಾ" ಅಂತ ಒಬ್ಬ ಚೀಟಿಯಲ್ಲಿ ಬರೆದು ತೋರಿಸಿದ. ಡಿಪೋದಲ್ಲಿ ನನ್ನನ್ನು ಕಿವಿ ಮೇಸ್ತ್ರಿ ಅಂತಲೇ ಕರೆಯುತ್ತಿದ್ದರು, ನಿನಗೆ ನೆನಪಿರಬೇಕು. ಬಾನೆಟ್ ಎತ್ತದೆ, ಸದ್ದು ಕೇಳಿಯೇ ರೋಗ ಹೇಳುತ್ತಿದ್ದೆ. ಬಹಳ ದಿನದ ಮೇಲೆ ಆ ಹೆಸರು ಕಂಡು ಹೊಟ್ಟೆ ತುಂಬಿದ ಹಾಗಾಯಿತು.

ನಾನು ಸುಮ್ಮನೆ ಗದರುವುದಿಲ್ಲ ಅಂತ ಈಗ ಗೊತ್ತಾಯಿತೇ? ಮುಂದಿನ ಲೆಕ್ಕ ಬೇಗ ಕಳಿಸು. ಹತ್ತೊಂಬತ್ತು ಮುಟ್ಟಿಸೋಣ.

ಅಣ್ಣ

*

ಏಪ್ರಿಲ್ 15

ಅಣ್ಣಾ,

392 ಕಿಲೋಮೀಟರ್. 21.50 ಲೀಟರ್. 18.2.

ಹತ್ತೊಂಬತ್ತು ಆಗುವುದಿಲ್ಲ, ಆಸೆ ಬಿಡು. ಅಜ್ಜಿಯ ಗಾಯ ಅಂಚಿನಲ್ಲಿ ಸ್ವಲ್ಪ ಗುಲಾಬಿ ಬಣ್ಣಕ್ಕೆ ತಿರುಗಿದೆ. ಅದು ಒಳ್ಳೆಯ ಲಕ್ಷಣ.

ತಂಗಿ

*

ಏಪ್ರಿಲ್ 22

ಪುಟ್ಟೀ,

ಲೆಕ್ಕ ಬಂತು. ಸಂತೋಷ.

ಭಾವನ ಕಣ್ಣು ಹೇಗಿದೆ? ಡಾಕ್ಟರು ಹೇಳಿದ ಮೂರು ತಿಂಗಳು ಮುಗಿಯಲು ಇನ್ನೂ ದಿನವಿದೆ ಅಲ್ಲವೇ? ಸಂಜೆ ಹೊತ್ತು ಕಾರಿನಲ್ಲಿ ಕೂರುತ್ತಾರೆ ಅಂದಿದ್ದೆ. ಈಗಲೂ ನಿಂತ ಕಾರಿನಲ್ಲೇ ಕೂರುತ್ತಾರಾ? ಕೀಲಿ ಎಲ್ಲಿಡುತ್ತೀ? ಸುಮ್ಮನೆ ಕೇಳಿದೆ. ಗಂಡಸರು ಕೆಲವು ವಿಷಯದಲ್ಲಿ ಮಕ್ಕಳ ಹಾಗೆ, ಹೆಂಡತಿ ಮುಚ್ಚಿಹಾಕಬೇಕಾಗುತ್ತದೆ. ನಾನೇನೂ ತಪ್ಪು ತಿಳಿಯುವುದಿಲ್ಲ. ಹೇಳಬೇಕೆನಿಸಿದರೆ ಹೇಳು.

ಅಣ್ಣ

*

ಏಪ್ರಿಲ್ 30

ಅಣ್ಣಾ,

ನಿನಗೆ ಏನಾಗಿದೆ? ನಾನು ಮೈಲೇಜ್ ಬರೆದರೆ ನೀನು ನನ್ನ ಗಂಡನ ಕಣ್ಣಿನ ಬಗ್ಗೆ ಬರೆಯುತ್ತೀ. ಕೀಲಿ ನನ್ನ ಸೊಂಟದಲ್ಲಿರುತ್ತೆ. ಮುಚ್ಚಿಹಾಕುವುದು ಅಂದರೇನು? ಇವರು ಆ ಕಾಗದ ಓದಿ, "ನಿಮ್ಮಣ್ಣ ನನ್ನನ್ನು ಕಳ್ಳ ಅಂತಿದ್ದಾನಾ?" ಎಂದು ಕಪ್ಪು ಕನ್ನಡಕ ತೆಗೆದು ನನ್ನನ್ನೇ ದಿಟ್ಟಿಸಿದರು. ಮನೆಯಲ್ಲಿ ಇಲ್ಲದ ರಾಮಾಯಣ ಶುರುವಾಗಿದೆ. ನಿನ್ನ ಮೂಗನ್ನು ಬಾನೆಟ್ ಒಳಗೆ ಮಾತ್ರ ತೂರಿಸು.

394 ಕಿಲೋಮೀಟರ್. 21.50 ಲೀಟರ್. 18.3. ಸಾಕಾ?

ತಂಗಿ

*

ಮೇ 9

ಪುಟ್ಟೀ,

ಸಾಕು.

ಅಣ್ಣ

*

ಮೇ 29

ಪುಟ್ಟೀ,

ಇಪ್ಪತ್ತು ದಿನವಾಯಿತು, ಲೆಕ್ಕವೂ ಇಲ್ಲ, ಬೈಗುಳವೂ ಇಲ್ಲ. ಭಾವನ ವಿಷಯ ಎತ್ತಿದ್ದು ತಪ್ಪಾಯಿತು, ಹೊಟ್ಟೆಗೆ ಹಾಕಿಕೊ. ಮಗಳಿಂದ ಫೋನ್ ಮಾಡಿಸಿದೆ, "ಅತ್ತೆ ಚೆನ್ನಾಗಿದ್ದಾರಂತೆ, ಬರೆಯುತ್ತಾರಂತೆ" ಎಂದು ಚೀಟಿ ಬರೆದುಕೊಟ್ಟಳು. ನೀನು ಚೆನ್ನಾಗಿದ್ದರೆ ಇಷ್ಟು ಹೊತ್ತಿಗೆ ನನ್ನನ್ನು ಎರಡು ಸಲ ಬಯ್ದಿರುತ್ತಿದ್ದೆ. ಏನಾಗಿದೆ?

ಅಣ್ಣ

*

ಜೂನ್ 6

ಅಣ್ಣಾ,

ಕೂತುಕೊಂಡು ಓದು.

ಮೇ ಹದಿನೆಂಟರಂದು ಬೆಳಗ್ಗೆ ಗಡಿಯಾರದಜ್ಜಿಯನ್ನು ಆಸ್ಪತ್ರೆಗೆ ಕರೆದುಕೊಂಡು ದಿಬ್ಬ ಇಳಿಯುತ್ತಿದ್ದೆ. ಕೆಲವು ವಾರದಿಂದ ಕಾರು ಸ್ವಲ್ಪ ಎಡಕ್ಕೆ ಎಳೆಯುತ್ತಿತ್ತು. ರಸ್ತೆಯೇ ವಾಲಿದೆ ಅಂದುಕೊಂಡಿದ್ದೆ. ಸುಟ್ಟ ವಾಸನೆಯೂ ಬರುತ್ತಿತ್ತು, ಬೀದಿಯಲ್ಲಿ ಯಾರೋ ಕಸಕ್ಕೆ ಬೆಂಕಿ ಇಟ್ಟಿದ್ದಾರೆ ಅಂದುಕೊಂಡಿದ್ದೆ. ಅವತ್ತು ಅರ್ಧ ಇಳಿದಾಗ ಬ್ರೇಕ್ ಒತ್ತಿದೆ. ಪೆಡಲ್ ಬೆಣ್ಣೆಯ ಮೇಲೆ ಕಾಲಿಟ್ಟ ಹಾಗೆ ತಳಕ್ಕೆ ಹೋಯಿತು. ಮತ್ತೆ ಒತ್ತಿದೆ, ಏನೂ ಇಲ್ಲ. ಕೆಳಗೆ ಶಾಲೆಯ ತಿರುವು, ಗೇಟಿನ ತುಂಬ ಅಡ್ಮಿಷನ್ನಿಗೆ ಬಂದ ಜನ.

ನಿನ್ನ ಮಾತು ಕೇಳಿ ಎರಡನೇ ಗೇರಿನಲ್ಲಿದ್ದೆ. ಇಲ್ಲದಿದ್ದರೆ ಇವತ್ತು ಈ ಕಾಗದ ಬರೆಯಲು ನಾನಿರುತ್ತಿರಲಿಲ್ಲ. ಒಂದಕ್ಕೆ ಹಾಕಿದೆ. ಎಂಜಿನ್ ಕಿರುಚಿತು, ಕಾರು ತಡೆದುಕೊಂಡಿತು. ಹ್ಯಾಂಡ್ ಬ್ರೇಕ್ ಸ್ವಲ್ಪ ಸ್ವಲ್ಪವೇ ಎಳೆದೆ. ಮನೆ ಕಟ್ಟುತ್ತಿದ್ದವರು ರಸ್ತೆ ಪಕ್ಕ ಮರಳು ಸುರಿದಿದ್ದರು, ಅದರೊಳಗೆ ನುಗ್ಗಿಸಿ ನಿಲ್ಲಿಸಿದೆ. ಎಡಗಡೆ ಮುಂದಿನ ಚಕ್ರದಿಂದ ಹೊಗೆ ಏಳುತ್ತಿತ್ತು. ಅಜ್ಜಿ ಕೈಗಡಿಯಾರ ನೋಡಿ, "ಒಂಬತ್ತು ಇಪ್ಪತ್ತು. ಬದುಕಿದ್ದೀವಿ. ಕುರ್ಚಿ ಇಳಿಸಮ್ಮ" ಅಂದರು. ಡಿಕ್ಕಿಯಿಂದ ವೀಲ್‌ಚೇರ್ ತೆಗೆದು ತಳ್ಳಿಕೊಂಡೇ ಆಸ್ಪತ್ರೆಗೆ ಹೋದೆ.

ಗ್ಯಾರೇಜಿನವನು ಚಕ್ರ ಬಿಚ್ಚಿ ನೋಡಿದ. ಒಂದು ಕಡೆಯ ಬ್ರೇಕ್ ಬಿಡದೆ ಕಚ್ಚಿಕೊಂಡೇ ಇತ್ತಂತೆ, ಬ್ರೇಕ್ ಹಾಕದಿದ್ದರೂ ಉಜ್ಜುತ್ತಲೇ ಇತ್ತಂತೆ. ಅದರ ಬಿಸಿಗೆ ಬ್ರೇಕ್ ಆಯಿಲ್ ಕುದಿದುಹೋಗಿದೆ. "ಇದು ಎರಡು ತಿಂಗಳ ಕಥೆ ಮೇಡಂ. ಮೈಲೇಜ್ ಪಾತಾಳಕ್ಕೆ ಬಿದ್ದಿರಬೇಕಲ್ಲ, ನೋಡಲಿಲ್ವಾ?" ಅಂದ.

ನೋಡಿದ್ದೆ, ಅಣ್ಣ. ಮಾರ್ಚ್ ಕೊನೆಗೆ ಬಂದದ್ದು 15.6. ಆಮೇಲೆ 14.1. ಆಮೇಲೆ 12.7. ಕೊನೆಯದು 11.5. ನಿನಗೆ ಬರೆದ ಹದಿನೆಂಟೆಲ್ಲ ನಾನು ಅಡುಗೆಮನೆಯಲ್ಲಿ ಕೂತು ಭಾಗಾಕಾರ ಮಾಡಿ ಹುಟ್ಟಿಸಿದ್ದು. ಹದಿನಾರು ಬರೆದರೆ ನೀನು ನೀರಿನ ಕ್ಯಾನಿಗೆ ಬೈಯುತ್ತೀ. ಹದಿನೈದು ಬರೆದರೆ ಇನ್ನೇನನ್ನುತ್ತಿದ್ದೆಯೋ. ಒಂಬತ್ತು ಮನೆ ಸುತ್ತಿ ಬಂದು, ಅಡುಗೆ ಮಾಡಿ, ಆಮೇಲೆ ನಿನ್ನ ಬೈಗುಳ ಓದಲು ನನ್ನಿಂದ ಆಗಲಿಲ್ಲ. ಒಂದು ಸಲ ಸುಳ್ಳು ಬರೆದೆ. ನೀನು ಅದನ್ನು ಟೀ ಅಂಗಡಿಗೆಲ್ಲ ತೋರಿಸಿಕೊಂಡು ಬಂದೆ. ಆಮೇಲೆ ನಿಜ ಬರೆಯುವುದು ಹೇಗೆ? ನಿಜ ಬರೆದಿದ್ದರೆ ನೀನು ಅಲ್ಲಿಂದಲೇ ಗಾಡಿಯ ತೊಂದರೆ ಕಂಡುಹಿಡಿಯುತ್ತಿದ್ದೆ. ಅದು ಗೊತ್ತಿದ್ದೇ ಇಷ್ಟು ದಿನ ಬರೆಯಲಾಗದೆ ಒದ್ದಾಡಿದೆ.

ತಪ್ಪು ನನ್ನದು. ಆದರೆ ನಿನ್ನ ಮೇಲೂ ಸಿಟ್ಟಿದೆ. ಅದನ್ನೂ ಹೇಳಿಬಿಡುತ್ತೇನೆ.

ತಂಗಿ

*

ಜೂನ್ 14

ಪುಟ್ಟೀ,

ನಿನ್ನ ಕಾಗದ ಬಂದು ನಾಲ್ಕು ದಿನವಾಯಿತು. ಬರೆದು ಹರಿದು, ಬರೆದು ಹರಿದು ಇದು ಐದನೆಯದು.

ಅವು ಸುಳ್ಳು ಲೆಕ್ಕ ಅಂತ ನನಗೆ ಏಪ್ರಿಲ್‌ನಲ್ಲೇ ಗೊತ್ತಾಗಿತ್ತು. ಪ್ರತಿ ಸಲವೂ 21.50 ಲೀಟರ್ ಹಿಡಿಯುವ ಟ್ಯಾಂಕ್ ಭೂಮಿಯ ಮೇಲೆ ಇಲ್ಲ. ನೀನು ಕಿಲೋಮೀಟರ್ ಬದಲಾಯಿಸಿದೆ, ಲೀಟರ್ ಬದಲಾಯಿಸಲು ಮರೆತೆ. ಚಿಕ್ಕಂದಿನಲ್ಲಿ ಲೆಕ್ಕ ಕದ್ದು ಬರೆಯುವಾಗಲೂ ಹೀಗೇ ಸಿಕ್ಕಿಬೀಳುತ್ತಿದ್ದೆ.

ಗೊತ್ತಾದ ದಿನವೇ ಕೇಳಬೇಕಿತ್ತು. ನನ್ನ ತಲೆಗೆ ಬೇರೆಯೇ ಹೊಳೆಯಿತು. ಭಾವ ಕದ್ದು ಗಾಡಿ ಓಡಿಸುತ್ತಿದ್ದಾರೆ, ಹೆಚ್ಚಿಗೆ ಖರ್ಚಾದ ಪೆಟ್ರೋಲನ್ನು ನೀನು ಅಣ್ಣನಿಂದ ಮುಚ್ಚಿಡುತ್ತಿದ್ದೀ ಅಂದುಕೊಂಡೆ. ಗಂಡ ಹೆಂಡತಿಯ ನಡುವೆ ನಾನ್ಯಾಕೆ ಎಂದು ನಯವಾಗಿ ಕೇಳಿ ಸುಮ್ಮನಾದೆ. ಜೀವಮಾನದಲ್ಲಿ ಒಂದೇ ಒಂದು ಸಲ ನಯವಾಗಿ ನಡೆದುಕೊಂಡೆ, ಅದೂ ಅಲ್ಲದ ಜಾಗದಲ್ಲಿ. ಭಾವನ ಕಾಲು ಹಿಡಿದೆ ಅಂತ ಹೇಳು.

ಸರ್ವಿಸ್ ಯಾಕೆ ಬಿಟ್ಟೆ ಎಂದು ಕೇಳಿದ್ದೆಯಲ್ಲ. ಹೇಳುತ್ತೇನೆ. ಬಿಡುವುದಕ್ಕೆ ಎರಡು ತಿಂಗಳ ಮೊದಲು ಒಂದು ಬಸ್ಸು ನನ್ನ ಮುಂದೆ ಬಂತು. ಡ್ರೈವರ್, "ಮೇಸ್ತ್ರಿ, ಯಾಕೋ ಎಳೀತಿದೆ, ಕೇಳಿ ನೋಡಿ" ಅಂದ. ಅಂಗಳದಲ್ಲಿ ಒಂದು ಸುತ್ತು ಹೊಡೆಸಿದೆ. ಏನೂ ಕೇಳಿಸಲಿಲ್ಲ. "ಸದ್ದೇ ಇಲ್ಲ, ಹೋಗು" ಅಂದೆ. ಸದ್ದು ಇತ್ತು, ಪುಟ್ಟಿ. ನನ್ನ ಕಿವಿ ಇರಲಿಲ್ಲ. ಹೋಗಿಬಿಟ್ಟಿದೆ ಅಂತ ನನಗೆ ಒಳಗೊಳಗೇ ಗೊತ್ತಿತ್ತು, ಆದರೆ ಕಿವಿ ಮೇಸ್ತ್ರಿ ಬಾಯಿಬಿಟ್ಟು ಹೇಗೆ ಹೇಳುತ್ತಾನೆ? ಅದೂ ಇದೇ ರೋಗ, ಕಚ್ಚಿಕೊಂಡ ಬ್ರೇಕು. ಅವತ್ತು ಮಧ್ಯಾಹ್ನ ಇಳಿಜಾರಿನಲ್ಲಿ ಬಸ್ಸು ಗೋಡೆಗೆ ಹೋಯಿತು. ಬಸ್ಸು ಖಾಲಿ ಇತ್ತು, ಪುಣ್ಯ. ಡ್ರೈವರಿನ ಕಾಲು ಎರಡು ಕಡೆ ಮುರಿಯಿತು. ವಿಚಾರಣೆಯಲ್ಲಿ ಅತಿವೇಗ ಅಂತ ಬರೆದರು. ನಾನು ಅಲ್ಲೇ ಕೂತಿದ್ದೆ, ಬಾಯಿ ತೆರೆಯಲಿಲ್ಲ. ಅವನನ್ನು ಸ್ಟೇರಿಂಗಿನಿಂದ ಇಳಿಸಿ ಡಿಪೋ ಗೇಟಿನಲ್ಲಿ ಕಾವಲಿಗೆ ಕೂರಿಸಿದ್ದಾರೆ. ಟೀ ಅಂಗಡಿಗೆ ಹೋದಾಗೆಲ್ಲ ಗೇಟಿನ ಕಡೆ ಬೆನ್ನು ಮಾಡಿ ಕೂರುತ್ತೇನೆ.

ಅದಕ್ಕೇ ನಿನ್ನ ಹತ್ತಿರ ಅಂಕಿ, ಅಂಕಿ ಅಂತ ಪ್ರಾಣ ತಿಂದದ್ದು. ಇನ್ನು ಬೈಯುವುದಿಲ್ಲ. ಎಷ್ಟು ಬಂದರೂ ಸರಿ, ಬಂದದ್ದನ್ನೇ ಬರಿ.

ಅಣ್ಣ

*

ಜೂನ್ 25

ಅಣ್ಣಾ,

ಮೂರು ಸಲ ಓದಿದೆ. ಮೊದಲನೆಯ ಸಲ ಅತ್ತೆ. ಎರಡನೆಯ ಸಲ ಸಿಟ್ಟು ಬಂತು. ಮೂರನೆಯ ಸಲ ಇನ್ನೂ ಸಿಟ್ಟು ಬಂತು.

ನನಗೆ ಹೇಳಿ ಏನು ಪ್ರಯೋಜನ? ನಾನೇನು ವಿಚಾರಣೆಯವಳೇ? ನಾನು ಸುಳ್ಳು ಅಂಕಿ ಬರೆದು ಅಜ್ಜಿಯನ್ನು ಇನ್ನೇನು ಕೊಲ್ಲುತ್ತಿದ್ದೆ. ಆ ಭಯಕ್ಕೆ ಒಪ್ಪಿಕೊಂಡೆ. ಅಜ್ಜಿಗೂ ಹೇಳಿದೆ. ಅಜ್ಜಿ, "ತಪ್ಪು ಸಮಯ ತೋರಿಸೋ ಗಡಿಯಾರ ನನ್ನ ಹತ್ರ ತಂದರೆ ನಾನು ಬಯ್ಯೋದಿಲ್ಲ, ಬಿಚ್ಚಿ ನೋಡ್ತೀನಿ. ಸರಿ ಇದೆ ಅಂತ ಸುಳ್ಳು ಹೇಳೋರನ್ನ ಕಂಡರೆ ಮಾತ್ರ ಆಗೋದಿಲ್ಲ" ಎಂದು ಒಂದು ಗಂಟೆ ತರಾಟೆಗೆ ತಗೊಂಡರು. ತಲೆ ತಗ್ಗಿಸಿ ಕೇಳಿಸಿಕೊಂಡೆ. ಮರುದಿನ ಹೋದಾಗ ಎಂದಿನಂತೆ ಕಾಲು ಚಾಚಿದರು.

ನೀನೂ ಹೋಗು. ಟೀ ಅಂಗಡಿಯಿಂದ ಗೇಟಿಗೆ ಎಷ್ಟು ದೂರ? ಇಪ್ಪತ್ತು ಹೆಜ್ಜೆ ಇರಬಹುದು. ಅದಕ್ಕೆ ಪೆಟ್ರೋಲೂ ಬೇಡ. ಆ ಮನುಷ್ಯ ಗೇಟಿನಲ್ಲಿ ಕೂತು, ನಿಜವಾಗಿಯೂ ಜೋರಾಗಿ ಓಡಿಸಿದೆನೋ ಏನೋ ಎಂದು ದಿನಾ ತನ್ನನ್ನೇ ಕೇಳಿಕೊಳ್ಳುತ್ತಿರುತ್ತಾನೆ. ನನಗೆ ನಿಜ ಬರಿ ಅನ್ನುತ್ತೀಯಲ್ಲ, ಮೊದಲು ನೀನು ಬರಿ. ಆಫೀಸಿಗೆ ಬರಿ. ಅಲ್ಲಿಯವರೆಗೆ ನನ್ನ ಕಡೆಯಿಂದ ಲೆಕ್ಕ ಬರುವುದಿಲ್ಲ.

ಸರಿ, ಈ ಒಂದು ಸಲ ಬರೆದಿರುತ್ತೇನೆ. ಹೊಸ ಬ್ರೇಕ್ ಹಾಕಿಸಿದ ಮೇಲೆ: 318 ಕಿಲೋಮೀಟರ್, 19.63 ಲೀಟರ್. 16.2. ವೀಲ್‌ಚೇರ್ ಡಿಕ್ಕಿಯಲ್ಲೇ ಇದೆ, ನೀರಿನ ಕ್ಯಾನೂ ಇದೆ.

ಇನ್ನೊಂದು. ಬೈಯುವುದಿಲ್ಲ ಅಂತ ಬರೆದಿದ್ದೀಯ. ಅದನ್ನು ಓದಿ ನನಗೆ ಗಾಬರಿಯಾಯಿತು. ಅಂಥದ್ದೆಲ್ಲ ಬರೆಯಬೇಡ.

ತಂಗಿ

*

ಜುಲೈ 8

ಪುಟ್ಟೀ,

ಹೋಗಿದ್ದೆ. ಇಪ್ಪತ್ತಲ್ಲ, ಮೂವತ್ತೊಂದು ಹೆಜ್ಜೆ.

ಅವನು ಸ್ಟೂಲಿನ ಮೇಲೆ ಕಾಲು ಚಾಚಿಕೊಂಡು ಕೂತಿದ್ದ. ನಾನು ಎಲ್ಲ ಹೇಳಿದೆ. ಎಷ್ಟು ಜೋರಾಗಿ ಹೇಳಿದೆನೋ, ಅಂಗಳದಲ್ಲಿದ್ದವರೆಲ್ಲ ತಿರುಗಿ ನೋಡಿದರು. ನನ್ನ ದನಿಯೂ ಈಗ ನನಗೆ ಕೇಳಿಸುವುದಿಲ್ಲ. ಅವನು ಎದ್ದು ನಿಂತ, ಕಷ್ಟಪಟ್ಟು. ಬೈಯತೊಡಗಿದ. ಬಾಯಿ ಆಡುತ್ತಿತ್ತು, ಕತ್ತಿನ ನರ ಉಬ್ಬಿತ್ತು, ಕಣ್ಣಲ್ಲಿ ನೀರಿತ್ತು. ನನಗೆ ಒಂದಕ್ಷರ ಕೇಳಿಸಲಿಲ್ಲ. ಬೈಸಿಕೊಳ್ಳಲೆಂದೇ ಹೋದವನಿಗೆ ಅದೂ ದಕ್ಕಲಿಲ್ಲ. ಜೇಬಿನಿಂದ ಪೆನ್ನು ಚೀಟಿ ತೆಗೆದು ಕೊಟ್ಟೆ. "ಬರೆದುಕೊಡಪ್ಪ, ಬಂದದ್ದನ್ನೆಲ್ಲ ಬರಿ" ಅಂದೆ. ಅವನು ಚೀಟಿ ತಿರುಗಿಸಿ ಎರಡೂ ಕಡೆ ನೋಡಿದ. ಆಮೇಲೆ ಬರೆದ. ಅವನು ಬರೆದದ್ದು ಇಷ್ಟು: "ಚೀಟಿ ಸಾಲದು. ನಾಳೆ ನೋಟ್‌ಬುಕ್ ತಗೊಂಡು ಬಾ."

ಮರುದಿನ ತಗೊಂಡು ಹೋದೆ. ನಾಲ್ಕು ಪುಟ ಬರೆದಿದ್ದಾನೆ. ನಿನಗೆ ಕಳಿಸುವುದಿಲ್ಲ, ಅದು ನನ್ನದು. ಐದನೆಯ ಪುಟದಲ್ಲಿ ನಾನು ಆಫೀಸಿಗೆ ಕೊಡುವ ಹೇಳಿಕೆ ಬರೆದೆ. ಅವನು ಓದಿ, ಎರಡು ಕಡೆ ತಿದ್ದಿದ, ಬಸ್ ನಂಬರ್ ತಪ್ಪಾಗಿತ್ತಂತೆ. ನಿನ್ನೆ ಇಬ್ಬರೂ ಹೋಗಿ ಕೊಟ್ಟು ಬಂದೆವು. ಅವರು ಏನು ಮಾಡುತ್ತಾರೋ ಗೊತ್ತಿಲ್ಲ. ನನ್ನ ಮೇಲೆ ಏನು ಬಂದರೂ ಬರಲಿ. ಈಗ ಟೀ ಅಂಗಡಿಯಲ್ಲಿ ಗೇಟಿನ ಕಡೆ ಮುಖ ಮಾಡಿ ಕೂರುತ್ತೇನೆ. ಅವನು ಇನ್ನೂ ನನ್ನ ಜೊತೆ ಟೀ ಕುಡಿಯುವುದಿಲ್ಲ.

ಇನ್ನು ನಿನ್ನ ವಿಷಯ. ಹೊಸ ಬ್ರೇಕ್ ಹಾಕಿದ ಮೇಲೂ ಹದಿನಾರು ಪಾಯಿಂಟ್ ಎರಡಾ? ನಾಚಿಕೆಯಾಗುವುದಿಲ್ಲವೇ ನಿನಗೆ? ಕ್ಲಚ್ ಮೇಲಿಂದ ಕಾಲು ತೆಗಿ! ಆ ನೀರಿನ ಕ್ಯಾನು ಇನ್ನೂ ಯಾಕೆ ಹೊರುತ್ತಿದ್ದೀ, ಮರುಭೂಮಿಗೆ ಹೋಗುತ್ತೀಯಾ? ನಾಳೆ ಬೆಳಗ್ಗೆ ಓಡಿಸಿ ಬಂದ ಕೂಡಲೇ ನಾಲ್ಕೂ ಚಕ್ರದ ಹತ್ತಿರ ಅಂಗೈ ಹಿಡಿದು ನೋಡು, ಮುಟ್ಟಬೇಡ. ಮುಂದಿನವೆರಡು ಒಂದು ಜೋಡಿ, ಹಿಂದಿನವೆರಡು ಒಂದು ಜೋಡಿ. ಜೋಡಿಯಲ್ಲಿ ಒಂದರ ಬಿಸಿ ಹೆಚ್ಚಿದ್ದರೆ ಅವತ್ತೇ ಗ್ಯಾರೇಜಿಗೆ ಹೋಗು. ದಿನಾ ನೋಡು. ನೋಡಿದೆ ಅಂತ ಬರಿ. ನೋಡದೆ ನೋಡಿದೆ ಅಂತ ಬರೆದರೆ ನನಗೆ ಗೊತ್ತಾಗುತ್ತದೆ.

ಅಜ್ಜಿಯ ಕಾಲು ಹೇಗಿದೆ?

ಅಣ್ಣ